ಕೆಲ್ಸೊ: ಒಂದೇ ದಿನದಲ್ಲಿ ಗೂಡ್ಸ್ ರೈಲು, ಮರಳುಗುಡ್ಡ

ಕ್ಯಾಲಿಫೋರ್ನಿಯಾದ ಮೊಹಾವಿ ರಾಷ್ಟ್ರೀಯ ಸಂರಕ್ಷಿತ ಪ್ರದೇಶಕ್ಕೆ ಪ್ರವೇಶ ಶುಲ್ಕವಿಲ್ಲ. ಆದರೆ ಒಳಗೆ ಪೆಟ್ರೋಲ್ ಬಂಕ್ ಇಲ್ಲ, ಮೊಬೈಲ್ ಸಿಗ್ನಲ್ ಹೆಚ್ಚಿನ ಕಡೆ ಸಿಗದು. ಬೇಕರ್ ಊರಿನಲ್ಲೇ ಟ್ಯಾಂಕ್ ತುಂಬಿಸಿ, ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡು ಹೊರಡಿ. ಸಂರಕ್ಷಿತ ಪ್ರದೇಶದೊಳಗಿನ ಹಳೆಯ ರೈಲು ಊರು ಕೆಲ್ಸೊ ಅಲ್ಲಿಂದ ಸುಮಾರು 56 ಕಿ.ಮೀ.

ಬೆಳಗಿನ ಹೊತ್ತು ಕೆಲ್ಸೊ ಬಳಿಯ ಮರಳುಗುಡ್ಡಕ್ಕೆ ಮೀಸಲಿಡಿ. ಹೋಗಿಬರಲು ಬರೀ 5 ಕಿ.ಮೀ. ಎಂದು ಹಗುರವಾಗಿ ತಗೊಂಡರೆ ಕೆಟ್ಟಿರಿ: ಕೊನೆಯ ಏರಿನಲ್ಲಿ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಜಾರುತ್ತದೆ. ಗುಡ್ಡದ ಎತ್ತರ ಸುಮಾರು 200 ಮೀಟರ್. ತುದಿಯಿಂದ ಕಡಿದಾದ ಬದಿಯಲ್ಲಿ ಜಾರಿದರೆ ಮರಳು ಗುಂಯ್‌ಗುಡುತ್ತದೆ. ಮಳೆ ಬಿದ್ದು ಮರಳು ಒದ್ದೆಯಾಗಿದ್ದರೆ ಈ ಸದ್ದು ಬರದು. ದಿನಕ್ಕೆ ತಲಾ 4 ಲೀಟರ್ ನೀರು ಬೇಕು. ಬೇಸಿಗೆಯಲ್ಲಂತೂ ಈ ಚಾರಣ ಬೇಡವೇ ಬೇಡ.

ಸಂಜೆ ರೈಲಿಗೆ. ಕೆಲ್ಸೊದಿಂದ ಸೀಮಾ ಎಂಬ ಪುಟ್ಟ ಊರಿನವರೆಗೆ ಯೂನಿಯನ್ ಪೆಸಿಫಿಕ್ ರೈಲು ಕಂಪನಿಯ ಹಳಿ 2.2% ಏರು (ನೂರು ಮೀಟರಿಗೆ 2.2 ಮೀಟರ್), ಉಗಿಬಂಡಿ ಕಾಲದಲ್ಲಿ ಈ ಏರಿಗಾಗಿಯೇ ಕೆಲ್ಸೊದಲ್ಲಿ ಸಹಾಯಕ ಎಂಜಿನ್‌ಗಳನ್ನು ಇಡುತ್ತಿದ್ದರು. ಪಕ್ಕದಲ್ಲೇ ರಸ್ತೆ ಸಾಗುವುದರಿಂದ ತೆವಳುತ್ತ ಏರುವ ಗೂಡ್ಸನ್ನು ಕಾರಿನಲ್ಲಿ ಹಿಂದಿಕ್ಕಿ, ಮುಂದೆ ನಿಂತು ಮತ್ತೆ ನೋಡಬಹುದು. ಕೊನೆಯ ವ್ಯಾಗನ್ ಎಂದುಕೊಂಡು ಕ್ಯಾಮೆರಾ ಇಳಿಸಬೇಡಿ, ಹಿಂದೆಯೂ ಎಂಜಿನ್ ಇರಬಹುದು. ಗೂಡ್ಸ್‌ಗೆ ವೇಳಾಪಟ್ಟಿ ಇಲ್ಲ, ತಾಳ್ಮೆ ಬೇಕು. ರೈಲು ಸಿಬ್ಬಂದಿಯ ಮಾತು ಕೇಳಿಸುವ ರೇಡಿಯೊ ಸ್ಕ್ಯಾನರ್ ಇದ್ದರೆ 160–161 ಮೆಗಾಹರ್ಟ್ಸ್ ಹಿಡಿಯಿರಿ. ಮಧ್ಯಾಹ್ನದ ಟೆಲಿಫೋಟೊ ಚಿತ್ರಗಳು ಬಿಸಿಗಾಳಿಯ ಕಂಪನದಿಂದ ಕದಡುತ್ತವೆ, ಲೆನ್ಸ್ ಎಷ್ಟೇ ದುಬಾರಿಯಾಗಿರಲಿ. ಹಳಿಯ ಜಾಗ ಖಾಸಗಿ ಆಸ್ತಿ, ರಸ್ತೆಬದಿಯಲ್ಲೇ ನಿಲ್ಲಿ.

ಐದಕ್ಕೆ ನಾಲ್ಕು ಅಂಕ. ಊಟದ ಬುತ್ತಿ ಕಟ್ಟಿಕೊಂಡೇ ಹೋಗಬೇಕು, ಅದಕ್ಕೆ ಒಂದು ಕಡಿತ.