ಎಸಿ ಗೇಜ್ ಸೆಟ್: ಹಳೆ ವ್ಯಾನಿಗೆ ಗ್ಯಾಸ್ ತುಂಬಿಸುವ ಮೊದಲು

ಹಳೆ ವರ್ಸಾ, ಕ್ವಾಲಿಸ್, ಮೊದಲ ತಲೆಮಾರಿನ ಇನ್ನೋವಾ ಇಟ್ಟುಕೊಂಡವರು ಬೇಸಿಗೆ ಬಂತೆಂದರೆ ಕೇಳುವ ಮಾತು ಒಂದೇ: 'ಗ್ಯಾಸ್ ಕಡಿಮೆ ಆಗಿದೆ, ಟಾಪ್‌ಅಪ್ ಮಾಡಿಸಿ.' ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಗ್ಯಾಸ್ ಸರಿಯಾಗಿದ್ದೂ ಕೂಲಿಂಗ್ ಹೋಗಲು ಬೇಕಾದಷ್ಟು ಕಾರಣಗಳಿವೆ. ಯಾವುದು ಎಂದು ಹೇಳುವ ಅತಿ ಅಗ್ಗದ ಸಾಧನ ನೀಲಿ-ಕೆಂಪು ಜೋಡಿ ಮೀಟರಿನ ಮ್ಯಾನಿಫೋಲ್ಡ್ ಗೇಜ್ ಸೆಟ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಆನ್‌ಲೈನಿನಲ್ಲೂ ಎರಡು-ಮೂರು ಸಾವಿರ ರೂಪಾಯಿಗೆ ಸಿಗುವ, ಆರ್-134ಎ (ಈ ಗಾಡಿಗಳ ಎಸಿ ಗ್ಯಾಸ್) ಸೆಟ್‌ಗಳ ಬಗ್ಗೆ ಈ ವಿಮರ್ಶೆ.

ಪೆಟ್ಟಿಗೆಯಲ್ಲಿ ಎರಡು ಮೀಟರ್ ಕೂರಿಸಿದ ಅಲ್ಯುಮಿನಿಯಂ ಅಥವಾ ಹಿತ್ತಾಳೆಯ ಬಾಡಿ, ಒಂದೂವರೆ ಮೀಟರ್ ಉದ್ದದ ಮೂರು ಹೋಸ್, ಹೋಸನ್ನು ವಾಹನದ ಪೋರ್ಟಿಗೆ ಕೂರಿಸುವ ಎರಡು ಕ್ವಿಕ್ ಕಪ್ಲರ್, ಗ್ಯಾಸ್ ಕ್ಯಾನಿಗೆ ಹಾಕುವ ಒಂದು ಟ್ಯಾಪ್ ಇರುತ್ತವೆ. ನೀಲಿ ಲೋ ಸೈಡಿಗೆ (ಕಡಿಮೆ ಒತ್ತಡದ ಕಡೆ), ಕೆಂಪು ಹೈ ಸೈಡಿಗೆ (ಹೆಚ್ಚು ಒತ್ತಡದ ಕಡೆ), ಹಳದಿ ಹೋಸ್ ಕ್ಯಾನ್ ಅಥವಾ ಒಳಗಿನ ಗಾಳಿ, ತೇವ ಹೊರಗೆಳೆಯುವ ವ್ಯಾಕ್ಯೂಮ್ ಪಂಪಿಗೆ. ವಾಹನದ ಲೋ ಪೋರ್ಟ್ 13 ಮಿ.ಮೀ., ಹೈ ಪೋರ್ಟ್ 16 ಮಿ.ಮೀ. ಇರುವುದರಿಂದ ಕಪ್ಲರ್ ಅದಲು ಬದಲಾಗುವ ಭಯವಿಲ್ಲ. ಅಗ್ಗದ ಸೆಟ್‌ಗಳಲ್ಲಿ ಮೀಟರ್‌ಗಳು ಸಾಮಾನ್ಯವಾಗಿ ಪರವಾಗಿಲ್ಲ, ಮೋಸವೆಲ್ಲ ಕಪ್ಲರಿನಲ್ಲಿ. ಒಳಗಿನ ಓ-ರಿಂಗ್ ಗಡುಸಾಗಿದ್ದರೆ ಜೋಡಿಸಿದಾಗಲೇ ಗ್ಯಾಸ್ ಹೋಗುತ್ತದೆ. ಹೋಸಿನ ತುದಿಯ ರಬ್ಬರ್ ವಾಷರ್ ಕೆಲವೊಮ್ಮೆ ಇರುವುದೇ ಇಲ್ಲ. ಕೊಂಡ ದಿನವೇ ಎರಡನ್ನೂ ನೋಡಿ, ಓ-ರಿಂಗಿಗೆ ಎಸಿ ಆಯಿಲ್ ಒಂದು ಹನಿ ಸವರಿ. ಯಾವುದಕ್ಕೂ ಜೋಡಿಸದೆ ಇದ್ದಾಗ ಮುಳ್ಳು ಸೊನ್ನೆಯಲ್ಲಿ ನಿಲ್ಲದಿದ್ದರೆ ಗಾಜು ಬಿಚ್ಚಿ ಡಯಲಿನ ಪುಟ್ಟ ಸ್ಕ್ರೂ ತಿರುಗಿಸಿ ಕೂರಿಸಬಹುದು. ಆ ಸ್ಕ್ರೂ ಇಲ್ಲದ ಮೀಟರ್ ಬೇಡ.

ಬಳಸುವಾಗ ಮೊದಲು ಬಾಡಿಯ ಎರಡೂ ವಾಲ್ವ್ ಮುಚ್ಚಿ. ಕಪ್ಲರ್ ನಾಬನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಪೋರ್ಟಿಗೆ ಒತ್ತಿ ಕ್ಲಿಕ್ ಎನಿಸಿದ ಮೇಲೆ ಬಲಕ್ಕೆ ತಿರುಗಿಸಿ. ಕನ್ನಡಕ, ಕೈಗವಸು ಬೇಕೇ ಬೇಕು. ಈ ಗ್ಯಾಸ್ ಕುದಿಯುವುದು ಮೈನಸ್ 26 ಡಿಗ್ರಿಯಲ್ಲಿ, ಚರ್ಮಕ್ಕೆ ತಾಗಿದರೆ ಹಿಮಗಾಯ.

ಮೊದಲ ಓದು ಇಂಜಿನ್ ಆಫ್ ಇರುವಾಗ, ವ್ಯಾನ್ ನೆರಳಲ್ಲಿ ತಣ್ಣಗಾಗಿರುವಾಗ. 30 ಡಿಗ್ರಿ ಬಿಸಿಯಲ್ಲಿ ಎರಡೂ ಮೀಟರ್ ಸುಮಾರು 97 ಪಿಎಸ್‌ಐ ತೋರಿಸಬೇಕು. 25 ಡಿಗ್ರಿಗೆ 82, 35ಕ್ಕೆ 114. ಗಮನಿಸಿ, ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಇದೇ ಒತ್ತಡ ಬರುತ್ತದೆ, ಆದ್ದರಿಂದ ಈ ಅಂಕಿ 'ಗ್ಯಾಸ್ ಪೂರ್ತಿ ಇದೆ' ಎಂಬುದಕ್ಕೆ ಸಾಕ್ಷಿಯಲ್ಲ. 40-50 ಇದ್ದರೆ ಸೋರಿಕೆ ಖಚಿತ. ಅಂಕಿಗಿಂತ ಗಣನೀಯವಾಗಿ ಹೆಚ್ಚಿದ್ದರೆ ಒಳಗೆ ಗಾಳಿ ಸೇರಿದೆ, ಇಲ್ಲವೇ ಬೇರೆ ಗ್ಯಾಸ್ ಬೆರೆತಿದೆ. ಕೊಂಡು ತಂದ ಕ್ಯಾನನ್ನೂ ಹೀಗೆಯೇ ಪರೀಕ್ಷಿಸಬಹುದು: 30 ಡಿಗ್ರಿಯಲ್ಲಿ 158ರ ಹತ್ತಿರ ತೋರಿಸಿದರೆ ಅದು ಆರ್-22, ಮನೆಯ ಹಳೆ ಎಸಿಗಳದ್ದು. ವ್ಯಾನಿಗೆ ಹಾಕಬೇಡಿ.

ಎರಡನೇ ಓದು ಇಂಜಿನ್ 1,500 ಆರ್‌ಪಿಎಂ, ಎಸಿ ಫುಲ್, ಬ್ಲೋವರ್ ಫುಲ್, ಬಾಗಿಲು ತೆರೆದು. ಹೊರಗೆ 30-35 ಡಿಗ್ರಿ ಇದ್ದರೆ ಲೋ ಮೀಟರ್ 30-45, ಹೈ ಮೀಟರ್ 180-250ರೊಳಗೆ ಇರಬೇಕು. ರೋಗ ಗೊತ್ತಾಗುವುದು ಇಲ್ಲಿ. ಎರಡೂ ಕಡಿಮೆ ಎಂದರೆ ಗ್ಯಾಸ್ ಕೊರತೆ. ಲೋ ಹೆಚ್ಚು, ಹೈ ಕಡಿಮೆ ಎಂದರೆ ಕಂಪ್ರೆಸರ್ ಸವೆದಿದೆ. ಅದಕ್ಕೆ ಎಷ್ಟು ಕ್ಯಾನ್ ಸುರಿದರೂ ದಂಡ. ಎರಡೂ ಹೆಚ್ಚಿದ್ದರೆ ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್ ಮೇಲೆ ನೀರು ಚಿಮುಕಿಸಿ. ಹೈ ಮೀಟರ್ ಸರ್ರನೆ ಇಳಿದರೆ ಬಿಸಿ ಹೊರಹೋಗುತ್ತಿಲ್ಲ ಎಂದರ್ಥ: ಫ್ಯಾನ್ ನಿಂತಿದೆ ಅಥವಾ ಕಂಡೆನ್ಸರಿನ ರೆಕ್ಕೆಗಳಲ್ಲಿ ಮಣ್ಣು, ಹುಳು ತುಂಬಿವೆ. ಫ್ಯಾನೂ ಕಂಡೆನ್ಸರೂ ಸರಿಯಿದ್ದರೆ ಯಾರೋ ಗ್ಯಾಸ್ ಜಾಸ್ತಿ ತುಂಬಿದ್ದಾರೆ. ಹತ್ತು-ಹದಿನೈದು ನಿಮಿಷ ಚೆನ್ನಾಗಿ ತಂಪಾಗಿ, ಆಮೇಲೆ ಲೋ ಮೀಟರ್ ಸೊನ್ನೆಗಿಂತ ಕೆಳಗೆ ಹೋಗಿ, ಎಸಿ ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಯಾಗುತ್ತದೆಯೇ? ಒಳಗಿನ ತೇವ ಎಕ್ಸ್‌ಪಾನ್ಶನ್ ವಾಲ್ವಿನಲ್ಲಿ (ಕೂಲಿಂಗ್ ಕಾಯಿಲಿಗೆ ಗ್ಯಾಸ್ ಬಿಡುವ ಸಣ್ಣ ರಂಧ್ರದ ವಾಲ್ವ್) ಮಂಜಾಗಿ ಕಟ್ಟುತ್ತಿದೆ. ತೇವ ಹೀರುವ ಡ್ರೈಯರ್ ಬದಲಿಸಿ ವ್ಯಾಕ್ಯೂಮ್ ಮಾಡಿದರೆ ಮಾತ್ರ ವಾಸಿ.

ಇಂಜಿನ್ ಓಡುತ್ತಿದ್ದರೂ ಎರಡೂ ಮುಳ್ಳು ಕದಲದಿದ್ದರೆ ಕಂಪ್ರೆಸರನ್ನು ಇಂಜಿನ್ ಬೆಲ್ಟಿಗೆ ಜೋಡಿಸುವ ಮ್ಯಾಗ್ನೆಟಿಕ್ ಕ್ಲಚ್ ಹಿಡಿಯುತ್ತಿಲ್ಲ. ಇಲ್ಲಿ ಮಲ್ಟಿಮೀಟರ್ ತೆಗೆಯಿರಿ. ಪ್ರೆಶರ್ ಸ್ವಿಚ್ ಸಾಮಾನ್ಯವಾಗಿ 28 ಪಿಎಸ್‌ಐಗಿಂತ ಕಡಿಮೆ ಒತ್ತಡದಲ್ಲಿ ಕ್ಲಚ್ಚಿಗೆ ಕರೆಂಟ್ ಕೊಡುವುದಿಲ್ಲ. ಗ್ಯಾಸ್ ಇದ್ದು ಕ್ಲಚ್ ವೈರಿನಲ್ಲಿ 12 ವೋಲ್ಟ್ ಬರದಿದ್ದರೆ ಫ್ಯೂಸ್, ರಿಲೇ, ಸ್ವಿಚ್ ನೋಡಿ. 12 ವೋಲ್ಟ್ ಬಂದೂ ಹಿಡಿಯದಿದ್ದರೆ ಕಾಯಿಲ್ ರೆಸಿಸ್ಟೆನ್ಸ್ ಅಳೆಯಿರಿ, 3-4 ಓಮ್ ಇರಬೇಕು. ಅದೂ ಸರಿಯಿದ್ದರೆ ಹಳೆ ವ್ಯಾನುಗಳ ಖಾಯಂ ಕಾಯಿಲೆ: ಕ್ಲಚ್ ಪ್ಲೇಟ್ ಸವೆದು ಗ್ಯಾಪ್ ಹೆಚ್ಚಾಗಿದೆ. ಬೆಳಿಗ್ಗೆ ಕೆಲಸ ಮಾಡುವ ಎಸಿ ಮಧ್ಯಾಹ್ನ ಇಂಜಿನ್ ಬಿಸಿಯಾದಾಗ ಕೈಕೊಡುವುದು ಇದರ ಲಕ್ಷಣ. ಕಾಯಿಲ್ ಬಿಸಿಯಾದಂತೆ ಅದರ ಎಳೆತ ಕುಗ್ಗುತ್ತದೆ. ಗ್ಯಾಪ್ ಅಳೆಯುವ ಫೀಲರ್ ಗೇಜಿನಲ್ಲಿ 0.3ರಿಂದ 0.6 ಮಿ.ಮೀ. ಇರಬೇಕು. ಹೆಚ್ಚಿದ್ದರೆ ನಡುವಿನ ಬೋಲ್ಟ್ ಬಿಚ್ಚಿ ಪ್ಲೇಟಿನ ಹಿಂದಿನ ತೆಳು ಶಿಮ್ (ಬಿಲ್ಲೆ) ಒಂದನ್ನು ತೆಗೆದರೆ ಸಾಕು. ಖರ್ಚು ಏನೂ ಇಲ್ಲದ ಈ ರಿಪೇರಿಗೆ ಎಷ್ಟೋ ಕಡೆ ಇಡೀ ಕಂಪ್ರೆಸರ್ ಬದಲಿಸುತ್ತಾರೆ.

ವ್ಯಾಕ್ಯೂಮ್ ವಿಷಯದಲ್ಲಿ ಈ ಮೀಟರ್‌ಗಳ ಮೇಲೆ ಬರುವ ಒಂದು ದೂರು ಅನ್ಯಾಯದ್ದು. ಡಯಲಿನಲ್ಲಿ 30 ಇಂಚಿನವರೆಗೆ (ಪಾದರಸದ ಇಂಚು) ಗುರುತಿದೆ, ಮುಳ್ಳು 27ರಲ್ಲೇ ನಿಲ್ಲುತ್ತದೆ, ಹಾಗಾಗಿ ಪಂಪ್ ಅಥವಾ ಮೀಟರ್ ಡಬ್ಬಾ ಎನ್ನುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡವೇ ಸುಮಾರು 27 ಇಂಚು. ಅದಕ್ಕಿಂತ ಹೆಚ್ಚು ತೋರಿಸಲು ಸಾಧ್ಯವೇ ಇಲ್ಲ. ಅದೇ ಸೆಟ್ ಮಂಗಳೂರಿನಲ್ಲಿ 29 ದಾಟುತ್ತದೆ. ಅರ್ಧ-ಮುಕ್ಕಾಲು ಗಂಟೆ ಪಂಪ್ ಓಡಿಸಿ, ವಾಲ್ವ್ ಮುಚ್ಚಿ, ಇಪ್ಪತ್ತು ನಿಮಿಷ ಬಿಡಿ. ಮುಳ್ಳು ಸೊನ್ನೆಯ ಕಡೆಗೆ ಜಾರಿದರೆ ಸೋರಿಕೆ ಇದೆ, ಗ್ಯಾಸ್ ತುಂಬಬೇಡಿ. ಪಿನ್ ವಾಲ್ವ್ (ಪೋರ್ಟಿನೊಳಗಿನ ಪುಟ್ಟ ವಾಲ್ವ್), ಪೈಪಿನ ಜಾಯಿಂಟ್, ಕಂಪ್ರೆಸರ್ ಮುಂಭಾಗದ ಸೀಲ್, ಎಣ್ಣೆ-ಧೂಳು ಅಂಟಿದ ಕಂಡೆನ್ಸರ್ ಮೂಲೆ, ಒಳಗೆ ನೈಟ್ರೋಜನ್ ಒತ್ತಡ ಕೊಟ್ಟು ಈ ಕ್ರಮದಲ್ಲಿ ಸೋಪು ನೀರಿನಿಂದ ಹುಡುಕಿ; ವ್ಯಾಕ್ಯೂಮ್ ಇರುವಾಗ ಗುಳ್ಳೆ ಏಳುವುದಿಲ್ಲ. 'ಲೀಕ್ ಸ್ಟಾಪ್' ಬೆರೆಸಿದ ಕ್ಯಾನ್‌ಗಳು ಬೇಡ. ಆ ಅಂಟು ಎಕ್ಸ್‌ಪಾನ್ಶನ್ ವಾಲ್ವನ್ನೂ ಮುಚ್ಚಬಹುದು, ಮುಂದೆ ನಿಮ್ಮ ವ್ಯಾನಿಗೆ ಗ್ಯಾಸ್ ತೆಗೆದು ತುಂಬುವ ಮೆಷಿನ್ ಹಾಕಲು ಗ್ಯಾರೇಜಿನವರು ಹಿಂಜರಿಯುತ್ತಾರೆ.

ತುಂಬುವಾಗ ಮೀಟರಿಗಿಂತ ತಕ್ಕಡಿ ಮುಖ್ಯ. ಬೋನೆಟ್ ಒಳಗಿನ ಸ್ಟಿಕ್ಕರಿನಲ್ಲಿ ಗ್ರಾಂ ಲೆಕ್ಕ ಇರುತ್ತದೆ. 450 ಗ್ರಾಂ ಕ್ಯಾನನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೇರವಾಗಿ ನಿಲ್ಲಿಸಿ, ಹಳದಿ ಹೋಸಿನ ಗಾಳಿಯನ್ನು ಮೀಟರ್ ಬಾಡಿಯ ಬಳಿ ಒಂದು ಕ್ಷಣ ಬಿಟ್ಟು, ನೀಲಿ ವಾಲ್ವಿನಿಂದ ಮಾತ್ರ ಒಳಗೆ ಬಿಡಿ. ಕ್ಯಾನ್ ತಲೆಕೆಳಗೆ ಮಾಡಿದರೆ ದ್ರವ ನುಗ್ಗಿ ಕಂಪ್ರೆಸರ್ ಮುರಿಯಬಹುದು. ಇಂಜಿನ್ ಓಡುವಾಗ ಕೆಂಪು ವಾಲ್ವ್ ತೆರೆದರೆ ಹೈ ಸೈಡಿನ ಒತ್ತಡ ಕ್ಯಾನಿಗೆ ನುಗ್ಗುತ್ತದೆ, ಕ್ಯಾನ್ ಸಿಡಿಯುತ್ತದೆ. ಸೆಟ್ ಜತೆ ಬರುವ ಕೈಪಿಡಿಯಲ್ಲಿ ಈ ಮಾತು ದಪ್ಪಕ್ಷರದಲ್ಲಿ ಇರಬೇಕಿತ್ತು. ಸೂಜಿ ಟ್ಯಾಪಿನ ಸೂಜಿಯನ್ನು ಪೂರ್ತಿ ಮೇಲೆತ್ತಿದ ಮೇಲೆಯೇ ಕ್ಯಾನಿಗೆ ತಿರುಗಿಸಬೇಕು, ಇಲ್ಲದಿದ್ದರೆ ಅರ್ಧ ಗ್ಯಾಸ್ ಗಾಳಿಪಾಲು.

ಸೆಟ್ಟಿನ ನಿಜವಾದ ಮಿತಿ ಹಿಂದಿನ ಸೀಟಿಗೂ ಎಸಿ ಇರುವ ವ್ಯಾನುಗಳಲ್ಲಿ. ಅಲ್ಲಿ ಕೂಲಿಂಗ್ ಕಾಯಿಲ್ ಎರಡು, ಎಕ್ಸ್‌ಪಾನ್ಶನ್ ವಾಲ್ವ್ ಎರಡು, ಕಂಪ್ರೆಸರ್ ಒಂದೇ. ಮೀಟರಿಗೆ ಕಾಣುವುದು ಎರಡೂ ಸೇರಿದ ಒತ್ತಡ. ಹಿಂದಿನ ವಾಲ್ವ್ ಕಟ್ಟಿಕೊಂಡು ಹಿಂದೆ ಬರೀ ಗಾಳಿ ಬರುತ್ತಿದ್ದರೂ ಮುಂದಿನ ಕಾಯಿಲ್ ಸರಿಯಿದ್ದರೆ ಮುಳ್ಳು ಸಾಮಾನ್ಯ ಅಂಕಿಯಲ್ಲೇ ನಿಲ್ಲಬಹುದು. ಹಾಗಾಗಿ ಹಿಂದಿನ ಬ್ಲೋವರ್ ಓಡಿಸಿ ಅಲ್ಲಿಗೆ ಹೋಗುವ ದಪ್ಪ ಪೈಪನ್ನು ಮುಟ್ಟಿ ನೋಡಿ. ತಣ್ಣಗೆ ಬೆವರಿದ್ದರೆ ಗ್ಯಾಸ್ ಹರಿಯುತ್ತಿದೆ, ತೊಂದರೆ ಗಾಳಿಯ ದಾರಿಯಲ್ಲಿ. ಬೆಚ್ಚಗಿದ್ದರೆ ವಾಲ್ವ್. ಒಂದು ಸಣ್ಣ ಥರ್ಮಾಮೀಟರನ್ನು ಮುಂದಿನ, ಹಿಂದಿನ ವೆಂಟಿಗೆ ಇಟ್ಟು ಹೋಲಿಸಿದರೆ ಇನ್ನೂ ಸ್ಪಷ್ಟ. ಹಿಂದಕ್ಕೆ ಹೋಗುವ ಪೈಪು ನೆಲದಡಿಯಲ್ಲಿ ಸಾಗಿದ್ದರೆ ಕ್ಲಾಂಪ್ ಹಿಡಿದ ಜಾಗದಲ್ಲೇ ಮೊದಲು ತೂತು ಬೀಳುತ್ತದೆ, ಕರಾವಳಿಯ ಗಾಡಿಗಳಲ್ಲಂತೂ ಮೊದಲು ಅಲ್ಲೇ ನೋಡಬೇಕು.

ಡಿಜಿಟಲ್ ಮೀಟರ್ ಸೆಟ್‌ಗಳಿಗೆ ನಾಲ್ಕೈದು ಪಟ್ಟು ಕೊಡುವ ಅಗತ್ಯ ಒಂದೇ ವ್ಯಾನ್ ಇರುವವರಿಗಿಲ್ಲ. ಆ ಹಣದಲ್ಲಿ ಹಿತ್ತಾಳೆ ಬಾಡಿಯ, ನಡುವೆ ಗಾಜಿನ ಕಿಂಡಿ ಇರುವ ಮುಳ್ಳಿನ ಸೆಟ್ ಕೊಳ್ಳಿ. ಜತೆಗೆ ಒಳ್ಳೆಯ ಕಪ್ಲರ್ ಜೋಡಿ, ನಾಲ್ಕು ಪಿನ್ ವಾಲ್ವ್, ಹಸಿರು ಓ-ರಿಂಗ್ ಪೊಟ್ಟಣ, ಸ್ಟಿಕ್ಕರಿನಲ್ಲಿ ಹೇಳಿದ ದರ್ಜೆಯ ಪ್ಯಾಗ್ ಆಯಿಲ್ (ಎಸಿ ಕಂಪ್ರೆಸರಿನ ಎಣ್ಣೆ) ಸಣ್ಣ ಬಾಟಲಿ. ಕಂಡೆನ್ಸರ್ ಬದಲಿಸಿದರೆ ಆ ಆಯಿಲ್ 30-40 ಮಿ.ಲೀ. ಹಾಕಲೇಬೇಕಾಗುತ್ತದೆ. ತೆರೆದ ಬಾಟಲಿಯನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ, ಪ್ಯಾಗ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ.