ನೆಲವೇ ಆಯುಧವಾದ ಆಟ: ‘ಪಾಪ್ಯುಲಸ್: ದಿ ಬಿಗಿನಿಂಗ್’ ಮತ್ತೆ ಆಡಿದಾಗ

ಯುದ್ಧತಂತ್ರದ ಕಂಪ್ಯೂಟರ್ ಆಟಗಳಲ್ಲಿ ನೆಲವೆಂದರೆ ಸೈನ್ಯ ಓಡಾಡುವ ಜಾಗ, ಅಷ್ಟೇ. ‘ಪಾಪ್ಯುಲಸ್: ದಿ ಬಿಗಿನಿಂಗ್’ನಲ್ಲಿ ಮಾತ್ರ ನೆಲ ಏಳುತ್ತದೆ, ಬಿರಿಯುತ್ತದೆ, ಮುಳುಗುತ್ತದೆ. 1998ರಲ್ಲಿ ಬಂದ ಈ ಆಟವನ್ನು ಡಿಗ್ರಿ ಓದುವಾಗ ಶಿವಮೊಗ್ಗದಲ್ಲಿ ಅಣ್ಣನ ಕಂಪ್ಯೂಟರಿನಲ್ಲಿ ಆಡಿದ್ದೆ. ಈ ಆಷಾಢದಲ್ಲಿ ಮಳೆ ಹೊಳವಾಗದೆ, ಅಡಿಕೆಗೆ ಕೊಳೆ ಔಷಧಿ ಹೊಡೆಸಲು ಬಿಸಿಲಿಗಾಗಿ ಕಾಯುತ್ತಿದ್ದ ದಿನಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಮತ್ತೆ ಆಡಿ ಮುಗಿಸಿದೆ. ಇಷ್ಟು ವರ್ಷಗಳಲ್ಲಿ ಇದರ ಜಾಗವನ್ನು ಇನ್ನೊಂದು ಆಟ ತುಂಬಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ‘ಪಾಪ್ಯುಲಸ್’ 1989ರದ್ದು. ಬುಲ್‌ಫ್ರಾಗ್ ಸಂಸ್ಥೆಯ ಪೀಟರ್ ಮಾಲಿನ್ಯೂ ಅವರಿಗೆ ಹೆಸರು ತಂದದ್ದು. ಅದರಲ್ಲಿ ನಾವೇ ದೇವರು, ಮೇಲಿನಿಂದ ನೆಲವನ್ನು ಏರಿಸಿ ಇಳಿಸುತ್ತಿದ್ದೆವು. ಈ ಮೂರನೆಯ ಆಟ ಬರುವ ಹೊತ್ತಿಗೆ ಮಾಲಿನ್ಯೂ ಸಂಸ್ಥೆ ಬಿಟ್ಟಾಗಿತ್ತು. ಇಲ್ಲಿ ನಾವು ಇನ್ನೂ ದೇವರಾಗಿಲ್ಲ. ನೀಲಿ ಬುಡಕಟ್ಟಿನ ಶಾಮನ್, ಅಂದರೆ ಮಂತ್ರ ಬಲ್ಲ ನಾಯಕಿ, ಇಪ್ಪತ್ತೈದು ಗ್ರಹಗಳನ್ನು ಗೆದ್ದು ದೈವತ್ವಕ್ಕೇರುವ ಕಥೆ ಇದು. ಎದುರಿಗೆ ಕೆಂಪು, ಹಳದಿ, ಹಸಿರು ಬಣ್ಣದ ಮೂರು ಬುಡಕಟ್ಟುಗಳು. ಗ್ರಹ ನಿಜಕ್ಕೂ ಗುಂಡಗಿದೆ: ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಹೊರಟಲ್ಲಿಗೇ ಬಂದು ಸೇರುತ್ತೇವೆ.

ಚಿನ್ನ ಅಗೆಯುವುದು, ಕಲ್ಲು ಒಡೆಯುವುದು ಯಾವುದೂ ಇಲ್ಲಿಲ್ಲ. ಬೇಕಾದದ್ದು ಮರ ಮತ್ತು ಜನ. ಗುಡಿಸಲಿಗೆ ಜಾಗ ತೋರಿಸಿದರೆ ಬ್ರೇವ್‌ಗಳು, ಅಂದರೆ ಬುಡಕಟ್ಟಿನ ಸಾಮಾನ್ಯ ಕೆಲಸಗಾರರು, ಓಡಿಬಂದು ಮೊದಲು ಆ ಇಳಿಜಾರನ್ನು ಸಮತಟ್ಟು ಮಾಡುತ್ತಾರೆ, ಆಮೇಲೆ ಕಾಡಿಗೆ ಹೋಗಿ ಒಂದೊಂದೇ ದಿಮ್ಮಿ ಹೊತ್ತು ತರುತ್ತಾರೆ. ಗುಡ್ಡ ಕಡಿದು ಮನೆಗೆ ಜಾಗ ಮಾಡಿಕೊಳ್ಳುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರಗಳ ವಿಷಯ ಇನ್ನೂ ಚೆನ್ನಾಗಿದೆ. ದಿಮ್ಮಿ ತೆಗೆದಂತೆ ಮರ ಕುಗ್ಗುತ್ತದೆ, ಸುಮ್ಮನೆ ಬಿಟ್ಟರೆ ಮತ್ತೆ ಬೆಳೆಯುತ್ತದೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವನ್ನು ಸರದಿಯ ಮೇಲೆ ಸವರುವ ಮನೆಯವಳು ನಾನು. ಹಾಗಾಗಿ ಊರಿನ ಎರಡು ಬದಿಯ ಕಾಡನ್ನು ಸರದಿಯಂತೆ ಬಿಟ್ಟು ಬಿಟ್ಟು ಬಳಸಿದೆ. ಕೊನೆಯವರೆಗೂ ಮರಕ್ಕೆ ಬರ ಬರಲಿಲ್ಲ. ಹರೆಯದಲ್ಲಿ ಗೆಲ್ಲುವ ಆತುರದಲ್ಲಿ ಇದು ಕಣ್ಣಿಗೇ ಬಿದ್ದಿರಲಿಲ್ಲ.

ಜನ ಹೆಚ್ಚಿದಷ್ಟೂ ಮನಾ ಎಂಬ ಶಕ್ತಿ ಹೆಚ್ಚುತ್ತದೆ, ಆ ಶಕ್ತಿಯಿಂದ ಶಾಮನ್‌ಳ ಮಂತ್ರಗಳು ಸಿದ್ಧವಾಗುತ್ತವೆ. ಸಿಡಿಲು, ಸುಂಟರಗಾಳಿ, ಭೂಕಂಪ, ಜ್ವಾಲಾಮುಖಿ ಎಲ್ಲವೂ ಇವೆ. ನನಗೆ ಇವೆಲ್ಲಕ್ಕಿಂತ ದೊಡ್ಡದು ಲ್ಯಾಂಡ್‌ಬ್ರಿಜ್. ಶಾಮನ್ ದಡದಲ್ಲಿ ನಿಂತು ಕೈ ಎತ್ತುತ್ತಾಳೆ. ನೀರಿನೊಳಗಿಂದ ಮಣ್ಣು ಉಬ್ಬಿಕೊಂಡು ಆಚೆ ದಡದವರೆಗೆ ಏಳುತ್ತದೆ. ಇನ್ನೂ ಪೂರ್ತಿ ನೆಲೆಗೊಳ್ಳದ ಆ ನೆಲದ ಮೇಲೆ ನೀಲಿ ಜನ ಓಡತೊಡಗುತ್ತಾರೆ.

ನನ್ನ ತವರು ಶರಾವತಿ ಹಿನ್ನೀರಿನಾಚೆಯ ತುಮರಿಯ ಕಡೆ. ಸಾಗರಕ್ಕೆ ಬರಬೇಕೆಂದರೆ ಲಾಂಚಿಗೆ ಕಾಯಬೇಕಿತ್ತು. ಸಂಜೆಯಾದರೆ ಲಾಂಚಿಲ್ಲ, ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ವಾಹನ ಹತ್ತಿಸುವುದಿಲ್ಲ. ಹೆರಿಗೆ ನೋವಿನವರು, ಹಾವು ಕಚ್ಚಿದವರು ದಡದಲ್ಲಿ ಕುಳಿತದ್ದನ್ನು ಕಂಡು ಬೆಳೆದವಳು ನಾನು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅದರ ಮೇಲೆ ದಾಟಿ ಬಂದವಳಿಗೆ ಈ ಮಂತ್ರ ಬರಿಯ ಚಮತ್ಕಾರವಾಗಿ ಕಾಣುವುದಿಲ್ಲ. ಎದುರು ದಡ ಎಷ್ಟು ದೂರ ಎಂಬುದನ್ನು ಮೊದಲು ಮನಸ್ಸಿಗೆ ತಟ್ಟಿಸಿ, ಆಮೇಲೆ ಸೇತುವೆ ಕೊಡುವುದು ಈ ಆಟ ಕಟ್ಟಿದವರ ಜಾಣ್ಮೆ.

ಎರೋಷನ್ ಇದಕ್ಕೆ ವಿರುದ್ಧವಾದ ಮಂತ್ರ. ಶತ್ರುವಿನ ಊರಿನ ಕೆಳಗಿನ ನೆಲ ಕುಸಿದು ಸಮುದ್ರದ ಪಾಲಾಗುತ್ತದೆ, ಮೇಲಿದ್ದವರು ಮುಳುಗುತ್ತಾರೆ. ಆಗ ಅಣ್ಣನೂ ನಾನೂ ಇದನ್ನು ಹಾಕಿ ಚಪ್ಪಾಳೆ ತಟ್ಟಿದ್ದೆವು. ಈಗ ಕೈ ಹಿಂದೆ ಸರಿಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಅಜ್ಜನ ಗದ್ದೆ ಮುಳುಗಡೆಯಾಯಿತು. ಕೆಂಪು ಗುಡಿಸಲೊಂದು ವಾಲಿ ನೀರಿಗೆ ಜಾರುವುದನ್ನು ನೋಡುತ್ತಾ ನನಗೆ ಆ ಬುಡಕಟ್ಟಿನವರು ಶತ್ರುಗಳಾಗಿ ಕಾಣಲಿಲ್ಲ. ಉಳಿದ ಗ್ರಹಗಳನ್ನು ಆದಷ್ಟೂ ಪ್ರೀಚರ್‌ಗಳಿಂದಲೇ ಗೆದ್ದೆ. ಇವರು ಎದುರಾಳಿಗಳ ನಡುವೆ ನಿಂತು ಉಪದೇಶ ಶುರುಮಾಡಿದರೆ ಸೈನಿಕರು ಇದ್ದಲ್ಲೇ ಕುಳಿತು ಕೇಳುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ನಮ್ಮವರಾಗಿ ಏಳುತ್ತಾರೆ. ನಿಧಾನವಾದರೂ ಈ ದಾರಿಯಲ್ಲಿ ಗೆಲ್ಲಲು ಆಟ ಅವಕಾಶ ಕೊಡುತ್ತದೆ. ಇದೇ ಅದರ ಹಿರಿಮೆ.

ಕೊರತೆಗಳಿಲ್ಲವೇ? ಇವೆ. ದೋಣಿಗೆ ಐದೇ ಜನ, ಬಲೂನಿಗೆ ಇಬ್ಬರೇ. ದೊಡ್ಡ ದಂಡನ್ನು ಹತ್ತಿಸಿ ಇಳಿಸುವುದರೊಳಗೆ ಸಾಕುಸಾಕಾಗುತ್ತದೆ. ಗುಂಪಾಗಿ ಕಳಿಸಿದವರು ಕಡಿದಾದ ಗುಡ್ಡದ ಬಳಿ ಚದುರಿ ಹೋಗುತ್ತಾರೆ. ಎದುರಾಳಿಯ ದಾಳಿಗಳು ಕೆಲವು ಗ್ರಹಗಳಲ್ಲಿ ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಬರುತ್ತವೆ. ಆ ದಾರಿಗೆ ಕಾವಲು ಗೋಪುರ ಕಟ್ಟಿ ದೂರದಿಂದ ಬೆಂಕಿಯುಂಡೆ ಎಸೆಯುವ ಫೈರ್‌ವಾರಿಯರ್‌ಗಳನ್ನು ಹತ್ತಿಸಿದರೆ ಅರ್ಧ ಯುದ್ಧ ಮುಗಿದಂತೆ. ಚಿತ್ರಗಳಂತೂ ಹಳೆಯ ಕಾಲದವೇ. ನನಗೆ ಅದು ತೊಂದರೆ ಎನಿಸಲಿಲ್ಲ.

ಕಂಪ್ಯೂಟರ್ ಆಟಗಳನ್ನು ಮಾರುವ ಜಿಒಜಿ (GOG) ಜಾಲತಾಣದಲ್ಲಿ ಇದು ಈಗಲೂ ಮಾರಾಟಕ್ಕಿದೆ. ಇಂದಿನ ಆಟಗಳಂತೆ ದುಬಾರಿ ಕಂಪ್ಯೂಟರ್ ಬೇಡ, ನನ್ನ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ಓಡಿತು. ಹೊಸಬರು ಎರಡು ವಿಷಯ ನೆನಪಿಡಿ. ಯೋಧರ ತರಬೇತಿಗೆ ಅವಸರ ಬೇಡ, ಮೊದಲು ಗುಡಿಸಲುಗಳನ್ನು ಹೆಚ್ಚಿಸಿ. ಆ ಹೊತ್ತಿಗೆ ಬೇಡದ ಮಂತ್ರಗಳಿಗೆ ಮನಾ ಹರಿಯುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಸೇತುವೆ ಬೇಕಾದಾಗ ಲ್ಯಾಂಡ್‌ಬ್ರಿಜ್ ಸಿದ್ಧವಿರುವುದಿಲ್ಲ.