ಕೆರೆ ಯೋಜನೆಗೊಂದು ಲೋಗೋ: ಕ್ಯಾನ್ವಾ, ಡಿಸೈನರ್, ಇಂಕ್‌ಸ್ಕೇಪ್

ನಮ್ಮ ವಿಶ್ವವಿದ್ಯಾಲಯದ ಕೆರೆ ಅಧ್ಯಯನ ಯೋಜನೆಗೆ ಲೋಗೋ ಬೇಕು ಅಂತ ಮೇಡಂ ಹೇಳಿದಾಗ ಎರಡು ದಿನದ ಕೆಲಸ ಅಂದುಕೊಂಡೆ. ಹಿಡಿದದ್ದು ನಾಲ್ಕು ತಿಂಗಳು. ಮೊದಲು ಕ್ಯಾನ್ವಾ ಅನ್ನುವ ಆನ್‌ಲೈನ್ ಡಿಸೈನ್ ತಾಣದಲ್ಲಿ ನಾವೇ ಮಾಡಿದೆವು, ಆಮೇಲೆ ದುಡ್ಡು ಕೊಟ್ಟು ಡಿಸೈನರ್ ಕೈಲಿ ಮಾಡಿಸಿದೆವು, ಕೊನೆಗೆ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದ ಜೊತೆ ಗುದ್ದಾಡಿದೆವು.

ಕ್ಯಾನ್ವಾದ್ದು ಒಂದೇ ಸಂಜೆಗೆ ಮುಗಿಯಿತು. ಒಂದು ನೀಲಿ ಹನಿ, ಎರಡು ಅಲೆ, ಕೆಳಗೆ ‘ಬಾಲೂ ತಮ್ಮ’ ಅನ್ನುವ ಫಾಂಟಿನಲ್ಲಿ ದಪ್ಪಗೆ ಯೋಜನೆಯ ಹೆಸರು. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳೆತ್ತಿದರು. ವಾರದೊಳಗೆ ಅಂಥದ್ದೇ ಹನಿ ಬಸ್‌ಸ್ಟ್ಯಾಂಡ್ ಎದುರಿನ ವಾಟರ್ ಫಿಲ್ಟರ್ ಅಂಗಡಿಯ ಬೋರ್ಡಿನಲ್ಲಿ ಕಂಡಿತು. ರೆಡಿಮೇಡ್ ಚಿತ್ರ ಆರಿಸಿಕೊಂಡದ್ದು ನಮ್ಮದೇ ತಪ್ಪು. ಅಂಥ ಚಿತ್ರಗಳನ್ನು ಟ್ರೇಡ್‌ಮಾರ್ಕ್‌ನಲ್ಲಿ ಬಳಸುವಂತಿಲ್ಲ ಅಂತ ಕ್ಯಾನ್ವಾದ ನಿಯಮದಲ್ಲೇ ಇದೆ, ನಾವು ಓದಿರಲಿಲ್ಲ. ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯದ ಎಸ್‌ವಿಜಿ ಕಡತ ಬೇಕೆಂದರೆ ಹಣ ಕಟ್ಟಿದ ಖಾತೆ ಇರಬೇಕು. ನಾವು ಪಿಎನ್‌ಜಿ ಕೊಟ್ಟು ಹತ್ತಡಿ ಫ್ಲೆಕ್ಸ್ ಹೊಡೆಸಿದೆವು, ಹನಿಯ ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಲೆಟರ್‌ಹೆಡ್ಡಿನಲ್ಲಿ ಬಿತ್ತು. ಪತ್ರದ ಜೆರಾಕ್ಸ್ ಹಿಡಿದು ಕಚೇರಿಯ ಸೂಪರಿಂಟೆಂಡೆಂಟರು ಕೇಳಿದರು: "ಏನ್ರೀ, ಯೂನಿವರ್ಸಿಟಿಯವರು ‘ಅದ್ಯಯನ’ ಅಂತ ಬರೀತೀರಾ?" ನಾವು ಬರೆದದ್ದು ಸರಿಯಾಗಿಯೇ ಇತ್ತು. ಆ ದಪ್ಪ ಫಾಂಟನ್ನು ಅಷ್ಟು ಚಿಕ್ಕದು ಮಾಡಿ ಜೆರಾಕ್ಸ್ ಹೊಡೆದಾಗ ಧ ಅಕ್ಷರದ ಹೊಟ್ಟೆಯ ಸೀಳು ಮಸಿಯಲ್ಲಿ ಮುಚ್ಚಿಹೋಗಿ ಮಹಾಪ್ರಾಣ ಅಲ್ಪಪ್ರಾಣವಾಗಿತ್ತು. ಇಂಗ್ಲಿಷ್ ಲೋಗೋ ಮಸುಕಾದರೆ ಬರೀ ಮಸುಕಾಗುತ್ತೆ. ನಮ್ಮದು ಕಾಗುಣಿತ ತಪ್ಪಾಗುತ್ತೆ.

ಡಿಸೈನರ್ ಬಂದ ಮೊದಲ ದಿನವೇ ನಮಗೆ ಹೊಳೆಯದ ಪ್ರಶ್ನೆ ಕೇಳಿದರು: "ಲೋಗೋ ಎಲ್ಲೆಲ್ಲಿ ಬರುತ್ತೆ, ಪಟ್ಟಿ ಕೊಡಿ." ಲೆಟರ್‌ಹೆಡ್, ಫ್ಲೆಕ್ಸ್, ಪಿಪಿಟಿ, ಸರ್ವೆ ಮಾಡುವವರ ಜಾಕೆಟ್, ನೀರಿನ ಮಾದರಿ ಬಾಟಲಿಯ ಲೇಬಲ್. ಕೊಟ್ಟ ದುಡ್ಡಿನಲ್ಲಿ ಅರ್ಧ ಆ ಪಟ್ಟಿಗೇ ಸಂದಿತು ಅಂತ ಈಗಲೂ ಹೇಳುತ್ತೇನೆ. ಬಣ್ಣ, ಅಂತರ, ವಿಶ್ವವಿದ್ಯಾಲಯದ ಲಾಂಛನ ಎಡಕ್ಕಿರಬೇಕು, ನಮ್ಮದು ಅದಕ್ಕಿಂತ ಚಿಕ್ಕದಾಗಿ ಬಲಕ್ಕೆ, ಇದೆಲ್ಲ ಅವರು ಮಾಡಿಕೊಟ್ಟ ಕೈಪಿಡಿಯಿಂದ ಬಂದದ್ದು. ಆದರೆ ಚಿಹ್ನೆ ಮಾತ್ರ ವೃತ್ತಕ್ಕೆ ವೃತ್ತ ಪೋಣಿಸಿದ ಜಾಲ. ಬ್ಯಾಂಕಿಗೂ ಆದೀತು, ಆಸ್ಪತ್ರೆಗೂ ಆದೀತು. ಕನ್ನಡ ಹೆಸರಂತೂ ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ತಕ್ಕಂತೆ ಕೆಳಗೆ ತುರುಕಿದ್ದು, ಒತ್ತಕ್ಷರಕ್ಕೆ ಕಾಲು ಚಾಚಲು ಜಾಗವಿಲ್ಲ. ಮೊದಲ ಕರಡಿನಲ್ಲಿ ‘ಅಧ್‌ಯಯನ’ ಅಂತ ಒಡೆದುಕೊಂಡೂ ಇತ್ತು. ಡಿಸೈನರ್ ಬಳಸುವ ಇಲ್ಲಸ್ಟ್ರೇಟರ್ ತಂತ್ರಾಂಶದಲ್ಲಿ ಭಾರತೀಯ ಭಾಷೆಗಳ ಆಯ್ಕೆ ಒತ್ತದಿದ್ದರೆ ಹಾಗಾಗುತ್ತೆ, ಒತ್ತಿದರೆ ಸರಿಹೋಗುತ್ತೆ.

ಇಂಕ್‌ಸ್ಕೇಪ್ ಪುಕ್ಕಟೆ. ಕನ್ನಡ ಒಡೆಯುವುದಿಲ್ಲ, ಕಡತ ಹುಟ್ಟುವುದೇ ಎಸ್‌ವಿಜಿಯಾಗಿ. ಕಲಿಯಲು ಮಾತ್ರ ನನಗೆ ಮೂರು ವಾರ ಬೇಕಾಯಿತು. ಚಿಹ್ನೆಗೆ ಕೋಲಾರದ ಕಡೆ ತೆಗೆದ, ಕೆರೆಯಿಂದ ನೀರು ಬಿಡುವ ಒಂದು ತೂಬಿನ ಫೋಟೋ ಇಟ್ಟುಕೊಂಡೆ. ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಕಂಬ, ಅವಕ್ಕೆ ಅಡ್ಡವಾಗಿ ತೂತು ಕೊರೆದ ಕಲ್ಲುಗಳು, ತೂತಿನೊಳಗೆ ಇಳಿಬಿಟ್ಟ ಗಳು. ಕೆರೆ ನೀರು ಹಂಚುವ ನೀರುಗಂಟಿ ಆ ಗಳು ಎತ್ತಿದರೆ ತಳದ ಬಿರಡೆ ತೆರೆದು ಗದ್ದೆಗೆ ನೀರು. ಎರಡು ಉದ್ದಗೆರೆ, ಎರಡು ಅಡ್ಡಗೆರೆ ಎಳೆದೆ. ಪಿಎಚ್‌ಡಿ ಹುಡುಗರು ನೋಡಿ "ಹ್ಯಾಶ್‌ಟ್ಯಾಗ್ ಯಾಕೆ ಸಾರ್?" ಅಂದರು. ನಡುವೆ ಗಳು, ಬುಡದಲ್ಲಿ ನೀರಿನ ಗೆರೆ ಸೇರಿಸಿದೆ. ಸರ್ವೆಗೆ ಹೋದ ಊರಲ್ಲಿ ಒಬ್ಬರು ಅಜ್ಜ ಜಾಕೆಟ್ ಮೇಲೆ ಬೆರಳಿಟ್ಟು "ಇದು ತೂಬಲ್ವೇನಪ್ಪಾ?" ಅಂದ ಮೇಲೆ ಚಿಹ್ನೆಗೆ ಕೈ ಹಚ್ಚಲಿಲ್ಲ.

ಫಾಂಟಿಗೆ ನಮ್ಮ ಪರೀಕ್ಷೆ ಇಷ್ಟೇ: 8 ಪಾಯಿಂಟಿನಲ್ಲಿ ಮುದ್ರಿಸು, ಜೆರಾಕ್ಸ್ ಹೊಡೆಸು, ಆ ಜೆರಾಕ್ಸಿನ ಜೆರಾಕ್ಸ್ ಹೊಡೆಸು, ಧ ಉಳಿದಿದೆಯಾ ನೋಡು. ಬಾಲೂ ತಮ್ಮ ಮತ್ತೆ ಸೋತಿತು. ಅದು ತಲೆಬರಹಕ್ಕೆ ಮಾಡಿದ ಫಾಂಟು, ಇಲ್ಲಿ ಕೂರಿಸಿದ್ದು ನಮ್ಮ ಮೊಂಡಾಟ. ಟಿರೋ ಕನ್ನಡ ನನಗೆ ಬಹಳ ಇಷ್ಟ. ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್‌ನ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಪುಸ್ತಕಗಳಿಗಾಗಿ ಹುಟ್ಟಿದ ಅಕ್ಷರ, ಪುಟದ ಮೇಲೆ ಕಣ್ಣಿಗೆ ಹಬ್ಬ. ಬೋಲ್ಡ್ ಇಲ್ಲವಾದ್ದರಿಂದ ಫ್ಲೆಕ್ಸಿನಲ್ಲಿ ದೂರಕ್ಕೆ ಕಾಣಲಿಲ್ಲ. ನೋಟೋ ಸ್ಯಾನ್ಸ್‌ನಲ್ಲಿ ಹುಡುಕಿದರೂ ತಪ್ಪು ಸಿಗಲಿಲ್ಲ, ಮುಖವೂ ಸಿಗಲಿಲ್ಲ. ಫಾಂಟು ಮಾಡುವ ಏಕ್ ಟೈಪ್‌ ಸಂಸ್ಥೆಯವರ ಅನೇಕ್ ಕನ್ನಡದಲ್ಲಿ ದಪ್ಪವನ್ನೂ ಅಗಲವನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಮೀಡಿಯಂ ದಪ್ಪ, ಮಾಮೂಲಿಗಿಂತ ಕೊಂಚ ಅಗಲ ಇಟ್ಟಾಗ ಎರಡನೇ ಜೆರಾಕ್ಸಿನಲ್ಲೂ ಸೀಳು ತೆರೆದೇ ಇತ್ತು. ಅದನ್ನೇ ಹಿಡಿದೆವು.

ಫ್ಲೆಕ್ಸ್ ಅಂಗಡಿಯವರದು ಒಂದೇ ಮಾತು: "ಕರ್ವ್ಸ್ ಮಾಡ್ಕೊಂಡ್ ಬನ್ನಿ." ಅಕ್ಷರವನ್ನು ಗೆರೆಯಾಗಿಸಿ ಕೊಟ್ಟ ಮೇಲೆ ಒತ್ತು ಕಳಚಿದ್ದಿಲ್ಲ. ತೆರೆಯ ಮೇಲಿನ ನೀಲಿ ಮುದ್ರಣದಲ್ಲಿ ಮಂಕಾಗುತ್ತೆ, ಹಾಗಾಗಿ ಮೊದಲೇ ಒಂದಡಿ ತುಂಡು ಹೊಡೆಸಿ ನೋಡಿ ಬಣ್ಣ ಗಾಢ ಮಾಡಿಕೊಂಡೆವು.

ಮತ್ತೆ ಕೇಳಿದರೆ, ದುಡ್ಡಿದ್ದರೆ ಡಿಸೈನರ್ ಹತ್ತಿರವೇ ಹೋಗುತ್ತೇನೆ, ಕನ್ನಡ ಹೆಸರನ್ನು ಮೊದಲು ಕೂರಿಸಿ ಆಮೇಲೆ ಇಂಗ್ಲಿಷ್ ಹೊಂದಿಸಿ ಅನ್ನುವ ಷರತ್ತಿನ ಮೇಲೆ. ಕ್ಯಾನ್ವಾ ಈಗಲೂ ಬಳಸುತ್ತೇವೆ, ಕಾರ್ಯಾಗಾರದ ಪೋಸ್ಟರಿಗೆ. ಬಾಟಲಿ ಲೇಬಲ್ ಮಾತ್ರ ಬಗೆಹರಿದಿಲ್ಲ. ಅರ್ಧ ಇಂಚಿನಲ್ಲಿ ಯಾವ ಫಾಂಟಿನ ಧ ಕೂಡ ಉಳಿಯಲಿಲ್ಲ, ಅಲ್ಲಿ ಬರೀ ತೂಬು ಅಂಟಿಸುತ್ತಿದ್ದೇವೆ.